ಹತಸಾಕ್ಷಿಗಳ ವಾರಸುದಾರರು ಎನ್ನಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಬ್ಯಾಪ್ಟಿಸ್ಟ್ ಸಭೆಯೊಂದರ ಯುವಜನ ಸಂಘದಲ್ಲಿದ್ದೇನೆ. ಸಭೆಯ ವಾರ್ಷಿಕೋತ್ಸವದಂದು ಆದಿಕ್ರೈಸ್ತರ ತ್ಯಾಗ ಮತ್ತು ನಮ್ಮ ಬ್ಯಾಪ್ಟಿಸ್ಟ್ ಪರಂಪರೆಯ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಅಪೊಸ್ತಲರ ಕಾಲದಿಂದ ಇಂದಿನವರೆಗೂ ಬ್ಯಾಪ್ಟಿಸ್ಟರು ಕಡಿಯದ ಸರಪಳಿಯಂತೆ, ರಕ್ತ ಸುರಿಸುತ್ತಲೇ ಬಂದಿದ್ದಾರೆ ಎಂದು ನಮ್ಮ ಹಿರಿಯರೊಬ್ಬರು ಹೇಳುತ್ತಾರೆ. ಇದು ನಿಜವೇ? ನಿಜವಲ್ಲದಿದ್ದರೆ, ಸಿಂಹಗಳ ಬಾಯಿಗೆ ಬಿದ್ದ ಅವರಿಗೂ ಭಾನುವಾರ ಫ್ಯಾನಿನ ಕೆಳಗೆ ಕುಳಿತು ಆರಾಧಿಸುವ ನಮಗೂ ಏನು ಸಂಬಂಧ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ. ಅಂಥ ಕಡಿಯದ ಸರಪಳಿಗೆ ಚರಿತ್ರೆಯಲ್ಲಿ ಆಧಾರವಿಲ್ಲ. ಈ ವಾದ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಬ್ಯಾಪ್ಟಿಸ್ಟರ ಒಂದು ವರ್ಗದಲ್ಲಿ ಬೆಳೆದು, 1931ರಲ್ಲಿ ಅಚ್ಚಾದ ಒಂದು ಕಿರುಹೊತ್ತಿಗೆಯ ಮೂಲಕ ದೂರದೂರದ ಸಭೆಗಳಿಗೆ ತಲುಪಿತು. ಅಧಿಕೃತ ಸಭೆಯಿಂದ ಹಿಂಸೆಗೊಳಗಾದ ಪ್ರತಿಯೊಂದು ಗುಂಪನ್ನೂ ಅದು ಬ್ಯಾಪ್ಟಿಸ್ಟರ ಪೂರ್ವಿಕರೆಂದು ಎಣಿಸುತ್ತದೆ. ಆದರೆ ಆ ಪಟ್ಟಿಯಲ್ಲಿರುವ ಕಥಾರರನ್ನು, ಅಂದರೆ ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ದಕ್ಷಿಣ ಫ್ರಾನ್ಸಿನಲ್ಲಿದ್ದವರನ್ನು ನೋಡಿ: ಅವರು ಕಣ್ಣಿಗೆ ಕಾಣುವ ಈ ಲೋಕವೇ ಕೆಟ್ಟ ಶಕ್ತಿಯ ಸೃಷ್ಟಿಯೆಂದು ನಂಬಿದ್ದವರು, ಕ್ರೈಸ್ತ ಸಭೆಗೆ ಸೇರುವಾಗ ಕೊಡುವ, ಬ್ಯಾಪ್ಟಿಸ್ಟರ ಹೆಸರಿಗೇ ಮೂಲವಾದ ನೀರಿನ ದೀಕ್ಷಾಸ್ನಾನವನ್ನೇ ತಳ್ಳಿಹಾಕಿದವರು. ಅವರನ್ನು ಕೊಂದ ರೀತಿ ಘೋರವಾದದ್ದು. ಅದಕ್ಕಾಗಿ ನಾವು ದುಃಖಪಡಬೇಕು. ಆದರೆ ಅವರನ್ನು ಬ್ಯಾಪ್ಟಿಸ್ಟರೆನ್ನುವುದು ಅವರು ಎಂದೂ ಹೊತ್ತಿರದ ಹೆಸರನ್ನು ಸತ್ತ ಮೇಲೆ ಅವರ ಮೇಲೆ ಹೊರಿಸಿದಂತೆ. ನಿಮ್ಮ ಹಿರಿಯರು ಪ್ರೀತಿಯಿಂದಲೇ ಆ ಮಾತು ಹೇಳಿದ್ದಾರೆ, ಅವರನ್ನು ವೇದಿಕೆಯ ಮೇಲೆ ತಿದ್ದುವ ಅಗತ್ಯವಿಲ್ಲ. ನಿಮ್ಮ ಭಾಷಣದಲ್ಲಿ ನಿಜವಾದದ್ದನ್ನು ಹೇಳಿದರೆ ಸಾಕು. ಅದು ಸರಪಳಿಯ ಕಥೆಗಿಂತ ದೊಡ್ಡದು.

ಆದಿಕ್ರೈಸ್ತರಿಂದಲೇ ಆರಂಭಿಸೋಣ. ಸುಮಾರು ಕ್ರಿ.ಶ. 112ರಲ್ಲಿ ಇಂದಿನ ಟರ್ಕಿಯಲ್ಲಿದ್ದ ಬಿಥೂನ್ಯ ಮತ್ತು ಪೊಂತ ಸೀಮೆಗಳ ರೋಮನ್ ಅಧಿಪತಿಯಾಗಿದ್ದ ಪ್ಲಿನಿ ಚಕ್ರವರ್ತಿ ಟ್ರೇಜನನಿಗೆ ಒಂದು ಪತ್ರ ಬರೆದ. ಈ ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಕೂಡುತ್ತಾರೆ, ಕ್ರಿಸ್ತನನ್ನು ದೇವರೆಂದು ಭಾವಿಸಿ ಹಾಡುತ್ತಾರೆ, ಕಳವು ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಒಪ್ಪಿಸಿದ್ದನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲ ಎಂದು ಪ್ರಮಾಣ ಮಾಡುತ್ತಾರೆ ಎಂದು ಆತ ವರದಿ ಮಾಡುತ್ತಾನೆ. ಇದಕ್ಕಿಂತ ಹೆಚ್ಚಿನದೇನಾದರೂ ಇದೆಯೇ ಎಂದು ಹೊರಗೆಡಹಲು ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಒಳಪಡಿಸಿದೆ ಎಂದೂ ಬರೆಯುತ್ತಾನೆ. ಸಭೆಯವರು ಅವರನ್ನು ಸಭಾಸೇವಕಿಯರೆಂದು ಕರೆಯುತ್ತಿದ್ದರು ಎಂಬುದನ್ನು ಪ್ಲಿನಿ ದಾಖಲಿಸಿದ್ದಾನೆ, ಹೆಸರುಗಳನ್ನು ದಾಖಲಿಸಿಲ್ಲ. ಶತ್ರುವಿನ ಬರಹದಲ್ಲಿ ಉಳಿದಿರುವ ಈ ಸಾಕ್ಷ್ಯವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಓದಿಸುತ್ತೇನೆ. ಆ ಎರಡು ಸಾಲುಗಳ ಬಳಿ ಬಂದಾಗ ಮುಂದಕ್ಕೆ ಹೋಗಲು ನನಗೆ ಇಂದಿಗೂ ಕಷ್ಟವಾಗುತ್ತದೆ.

ಇನ್ನೊಂದು ದಾಖಲೆಯಲ್ಲಿ ಹತಸಾಕ್ಷಿಯೇ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವಳೇ, ಮಾತನಾಡುತ್ತಾಳೆ. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ 203ರ ಮಾರ್ಚ್ 7ರಂದು ಕೊಲ್ಲಲ್ಪಟ್ಟ ಪೆರ್ಪೆತುವಾ ಇಪ್ಪತ್ತೆರಡರ ಹರೆಯದ, ಒಳ್ಳೆಯ ಮನೆತನದ, ಹಾಲೂಡಿಸುವ ಕೂಸಿದ್ದ ತಾಯಿ. ಬಂಧಿಸಿದಾಗ ಅವಳಿಗೂ ಜೊತೆಯವರಿಗೂ ಇನ್ನೂ ದೀಕ್ಷಾಸ್ನಾನವಾಗಿರಲಿಲ್ಲ. ಬೋಧನೆ ಪಡೆಯುತ್ತಿದ್ದವರು, ಕಾವಲಿನಲ್ಲಿದ್ದಾಗಲೇ ಸ್ನಾನ ಪಡೆದರು. ತಂದೆ ಬಂದು ಆ ಹೆಸರನ್ನು ಬಿಡು ಎಂದು ಬೇಡಿಕೊಂಡಾಗ ಅವಳು ಅಲ್ಲಿದ್ದ ಒಂದು ಹೂಜಿಯನ್ನು ತೋರಿಸಿ, ಇದನ್ನು ಇದಲ್ಲದ ಬೇರೆ ಹೆಸರಿನಿಂದ ಕರೆಯಲಾದೀತೇ ಎಂದು ಕೇಳಿದಳು. ಆಗದು ಎಂದ ತಂದೆಗೆ, ಹಾಗೆಯೇ ನಾನು ಕ್ರೈಸ್ತಳಲ್ಲದೆ ಬೇರೇನೂ ಆಗಿದ್ದೇನೆಂದು ಹೇಳಲಾರೆ ಎಂದಳು. ಕತ್ತಲೆಯ ಸೆರೆಯಲ್ಲಿ ಕೂಸಿನದೇ ಚಿಂತೆ. ಕೂಸನ್ನು ಜೊತೆಯಲ್ಲಿ ಇಟ್ಟುಕೊಳ್ಳಲು ಒಪ್ಪಿಗೆ ಸಿಕ್ಕಿದ ದಿನ ಆ ಸೆರೆಮನೆ ತನಗೆ ಅರಮನೆಯಾಯಿತೆಂದು ಬರೆದಿದ್ದಾಳೆ. ವಿಚಾರಣೆಯ ದಿನ ಮಗಳನ್ನು ಕೆಳಗಿಳಿಸಲು ಯತ್ನಿಸಿದ ತಂದೆಯನ್ನು ಅಧಿಪತಿ ಕೋಲಿನಿಂದ ಹೊಡೆಸಿದಾಗ, ಆ ಏಟು ತನಗೇ ಬಿದ್ದಂತಾಯಿತೆಂದು, ಮುಪ್ಪಿನಲ್ಲಿ ಅವನಿಗೆ ಬಂದ ಸಂಕಟಕ್ಕೆ ಮರುಗಿದಳು. ಅವಳ ಜೊತೆಗಿದ್ದ ದಾಸಿ ಫೆಲಿಸಿತಾ ಎಂಟು ತಿಂಗಳ ಬಸುರಿ, ಸೆರೆಯಲ್ಲೇ ಹೆಣ್ಣುಮಗುವನ್ನು ಹೆತ್ತಳು. ಆ ಮಗುವನ್ನು ಸಭೆಯ ಸಹೋದರಿಯೊಬ್ಬಳು ಸಾಕಿಕೊಂಡಳು. ಕೊನೆಯ ದಿನ ಒಡತಿಯ ಅಂತಸ್ತಿನವಳೂ ದಾಸಿಯೂ ಒಂದೇ ಅಖಾಡದಲ್ಲಿ ಪಕ್ಕಪಕ್ಕ ನಿಂತರು.

ಇವರು ಸಾವಿನ ಹಂಬಲದಿಂದ ಸತ್ತವರಲ್ಲ. ತಂದೆಯ ಮೇಲಿನ ಕರುಳೂ ಕೂಸಿನ ಮೇಲಿನ ಮೋಹವೂ ಪೆರ್ಪೆತುವಾಳ ಬರಹದ ತುಂಬ ಇದೆ. ಅವಳು ನಿರಾಕರಿಸಿದ್ದು ಒಂದನ್ನೇ: ಚಕ್ರವರ್ತಿಯ ಕ್ಷೇಮಕ್ಕಾಗಿ ಬಲಿ ಅರ್ಪಿಸುವುದನ್ನು. ರೋಮಿನ ಅಧಿಕಾರಿಗಳಿಗೆ ಅದು ರಾಜನಿಷ್ಠೆಯ ಸಣ್ಣ ವಿಧಿ; ಮನಸ್ಸಿನಲ್ಲಿ ಏನಾದರೂ ಇರಲಿ, ಒಂದು ಚಿಟಿಕೆ ಧೂಪ ಹಾಕಿ ಹೋಗಿ ಎಂಬುದು ಅವರ ವಾದ. ಮನಸ್ಸಿಗೂ ನಾಲಿಗೆಗೂ ನಡುವೆ ಆ ಬಿರುಕನ್ನು ಒಪ್ಪದವರು ಸತ್ತರು.

ಎಲ್ಲರೂ ಹಾಗೆ ನಿಲ್ಲಲಿಲ್ಲ ಎಂಬುದನ್ನೂ ನಿಮ್ಮ ಭಾಷಣದಲ್ಲಿ ಹೇಳಿ. ಮೊದಲ ಇನ್ನೂರು ವರ್ಷಗಳ ಹಿಂಸೆ ಅಲ್ಲಲ್ಲಿ, ಆಗಾಗ ನಡೆದದ್ದು; ಸಾಮ್ರಾಜ್ಯದ ಉದ್ದಗಲಕ್ಕೂ ಎಲ್ಲರೂ ಬಲಿ ಅರ್ಪಿಸಬೇಕೆಂಬ ಆಜ್ಞೆ ಮೊದಲು ಹೊರಟದ್ದು 249ರ ಕೊನೆ, 250ರ ಆರಂಭದಲ್ಲಿ, ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ. ಬಲಿ ಅರ್ಪಿಸಿದವರಿಗೆ ಅಧಿಕಾರಿಗಳು ಪ್ರಮಾಣಪತ್ರ ಕೊಡುತ್ತಿದ್ದರು. ಪಪೈರಸ್ ಹಾಳೆಯ ಮೇಲೆ ಬರೆದ ಅಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಆಗ ಬಲಿ ಅರ್ಪಿಸಿದ ಕ್ರೈಸ್ತರು ಬಹಳ ಮಂದಿ, ಲಂಚ ಕೊಟ್ಟು ಪತ್ರ ಕೊಂಡವರೂ ಇದ್ದರು. ಹಿಂಸೆ ತಣ್ಣಗಾದ ಮೇಲೆ ಅವರು ಅಳುತ್ತಾ ಸಭೆಯ ಬಾಗಿಲಿಗೆ ಬಂದಾಗ ಸೇರಿಸಿಕೊಳ್ಳಬೇಕೇ, ಎಂಥ ಪಶ್ಚಾತ್ತಾಪದ ನಂತರ, ಎಂಬ ಪ್ರಶ್ನೆ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅವರ ಕಾಲದಲ್ಲಿ ಸಭೆಯನ್ನು ಸೀಳುವಷ್ಟು ದೊಡ್ಡದಾಯಿತು. ಸೋತವರ ಈ ಕಥೆ ಗೊತ್ತಿದ್ದರೆ ಮಾತ್ರ ನಿಂತವರು ತೆತ್ತ ಬೆಲೆ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹತಸಾಕ್ಷಿಗಳೆಲ್ಲ ಕಲ್ಲಿನ ಎದೆಯವರಾಗಿದ್ದರು ಎಂದು ಬಣ್ಣಿಸಿದರೆ, ಕೇಳುವ ಯುವಕನಿಗೆ ಅವರು ತನ್ನಂಥ ಮನುಷ್ಯರೇ ಅಲ್ಲ ಎನ್ನಿಸಿಬಿಡುತ್ತದೆ.

ಈಗ ನೀವು ಕೇಳಿದ ಸಂಬಂಧದ ವಿಷಯ. ಪೆರ್ಪೆತುವಾ ಪ್ರಾಣ ಕೊಟ್ಟ ಕಾರ್ಥೇಜಿನವನೇ ಆದ ಕ್ರೈಸ್ತ ಲೇಖಕ ತೆರ್ತುಲಿಯನ್, ಅವಳು ಸತ್ತ ಹತ್ತು ವರ್ಷಗಳೊಳಗೆ, ಆಫ್ರಿಕದ ರೋಮನ್ ಅಧಿಪತಿಗೆ ಬರೆದ ಪತ್ರದಲ್ಲಿ ಒಂದು ಮಾತಿದೆ: ತನಗೆ ಸರಿಕಂಡಂತೆ ಆರಾಧಿಸುವುದು ಪ್ರತಿಯೊಬ್ಬ ಮನುಷ್ಯನ ಸಹಜ ಹಕ್ಕು, ಧರ್ಮವನ್ನು ಬಲಾತ್ಕಾರದಿಂದ ಹೇರುವುದು ಧರ್ಮದ ಲಕ್ಷಣವಲ್ಲ. ಏಟು ತಿನ್ನುತ್ತಿದ್ದಾಗ ಕ್ರೈಸ್ತರು ಆಡಿದ ಮಾತಿದು. 313ರಲ್ಲಿ ಹಿಂಸೆ ನಿಂತಿತು. 380ರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿ ಕ್ರೈಸ್ತ ಮತವನ್ನೇ ರಾಜ್ಯದ ಮತವನ್ನಾಗಿಸಿದ. ಅಲ್ಲಿಂದಾಚೆಗೆ ಕೋಲು ಸಭೆಯ ಕೈಗೆ ಬಂದಿತು, ಆ ಮಾತು ಬಹುಕಾಲ ಮರೆತುಹೋಯಿತು. ಬ್ಯಾಪ್ಟಿಸ್ಟರು ಆದಿಸಭೆಗೆ ವಾರಸುದಾರರು ಎನ್ನಬಹುದಾದರೆ, ಅದು ಈ ಮರೆತ ಮಾತನ್ನು ಮತ್ತೆ ಹಿಡಿದು, ಅದಕ್ಕೆ ಬೆಲೆ ತೆತ್ತುದರಿಂದ. ವಂಶಾವಳಿಯಿಂದಲ್ಲ.

ಬ್ಯಾಪ್ಟಿಸ್ಟರೇ ಮೊದಲಿಗರಲ್ಲ. 1525ರಲ್ಲಿ ಜೂರಿಕ್ ನಗರದಲ್ಲಿ ಕೂಸುಗಳಿಗಲ್ಲ, ವಯಸ್ಸಿಗೆ ಬಂದವರಿಗೆ ದೀಕ್ಷಾಸ್ನಾನ ಕೊಡಲು ಆರಂಭಿಸಿದ ಅನಾಬ್ಯಾಪ್ಟಿಸ್ಟರಿದ್ದರು; ಅವರಲ್ಲಿ ಫೆಲಿಕ್ಸ್ ಮಾನ್ಸ್ ಎಂಬುವರನ್ನು 1527ರ ಜನವರಿ 5ರಂದು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಇಂದಿನ ಮೆನ್ನೊನೈಟರು ಎಂಬ ಕ್ರೈಸ್ತ ಪಂಗಡದವರು ಅನಾಬ್ಯಾಪ್ಟಿಸ್ಟರ ನೇರ ಸಂತತಿ. ನಮ್ಮ ಬ್ಯಾಪ್ಟಿಸ್ಟ್ ಸಭೆಗಳ ಮೂಲ ಇಂಗ್ಲೆಂಡಿನಿಂದ ಹಾಲೆಂಡಿಗೆ ಓಡಿಹೋದ ಒಂದು ಸಣ್ಣ ಗುಂಪು. 1609ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅದರ ಪಾಸ್ಟರ್ ಜಾನ್ ಸ್ಮಿತ್ ಮೊದಲು ತಮಗೆ ತಾವೇ, ನಂತರ ಉಳಿದವರಿಗೆ ದೀಕ್ಷಾಸ್ನಾನ ಕೊಟ್ಟರು. ಅದು ತಲೆಯ ಮೇಲೆ ನೀರು ಹೊಯ್ದ ಸ್ನಾನ ಎಂದರೆ ನಿಮ್ಮ ಸಭೆಯಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಇಂಗ್ಲಿಷ್ ಬ್ಯಾಪ್ಟಿಸ್ಟರಲ್ಲಿ ಮುಳುಗು ಸ್ನಾನ ನೆಲೆಗೊಂಡದ್ದು 1640ರ ದಶಕದಲ್ಲಿ. ನೀರಿನ ಪ್ರಮಾಣಕ್ಕಿಂತ ಮೊದಲು ಅವರು ಹಿಡಿದದ್ದು, ನಂಬಿಕೆಯನ್ನು ಸ್ವಂತ ಬಾಯಿಂದ ಅರಿಕೆ ಮಾಡಿದವನಿಗೇ ಸ್ನಾನ ಎಂಬುದನ್ನು.

ಆ ಗುಂಪಿನಲ್ಲಿದ್ದ ಥಾಮಸ್ ಹೆಲ್ವಿಸ್ ಕಾನೂನು ಓದಿದ್ದ, ಬ್ರಾಕ್ಸ್‌ಟೋ ಹಾಲ್ ಎಂಬ ದೊಡ್ಡ ಮನೆಯಲ್ಲಿ ಬೆಳೆದ ಸ್ಥಿತಿವಂತ. ಹಾಲೆಂಡಿನಲ್ಲಿ ಅವರಿಗೆ ಜೀವಭಯವಿರಲಿಲ್ಲ. ಆದರೂ ಹಿಂಸೆಗೆ ಬೆನ್ನು ತಿರುಗಿಸಿ ಬಂದದ್ದು ಸರಿಯಲ್ಲವೆಂದು ಮನಗಂಡು, ಕೆಲವರೊಂದಿಗೆ ಇಂಗ್ಲೆಂಡಿಗೆ ಮರಳಿ 1612ರ ಹೊತ್ತಿಗೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಆ ನೆಲದ ಮೊದಲ ಬ್ಯಾಪ್ಟಿಸ್ಟ್ ಸಭೆಯನ್ನು ಸ್ಥಾಪಿಸಿದರು. ಅದೇ ವರ್ಷ ತಾವು ಬರೆದ ಪುಸ್ತಕದ ಒಂದು ಪ್ರತಿಯ ಮೇಲೆ, ದೊರೆ ಜೇಮ್ಸನನ್ನು ಉದ್ದೇಶಿಸಿ ಕೈಯಾರೆ ಹೀಗೆ ಬರೆದರು: ದೊರೆಯು ಮರ್ತ್ಯನೇ ಹೊರತು ದೇವರಲ್ಲ, ಆದುದರಿಂದ ಪ್ರಜೆಗಳ ಅಮರ ಆತ್ಮಗಳ ಮೇಲೆ ಅವನಿಗೆ ಅಧಿಕಾರವಿಲ್ಲ. ಆ ಪ್ರತಿ ಇಂದಿಗೂ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಪುಸ್ತಕದ ಒಳಗೆ ಇನ್ನೂ ದೂರಕ್ಕೆ ಹೋದ ಮಾತಿದೆ: ಜನರು ಪಾಷಂಡಿಗಳಾಗಿರಲಿ, ತುರ್ಕರಾಗಿರಲಿ, ಯೆಹೂದ್ಯರಾಗಿರಲಿ, ಅವರನ್ನು ಎಳ್ಳಷ್ಟೂ ದಂಡಿಸುವುದು ಲೌಕಿಕ ಅಧಿಕಾರಕ್ಕೆ ಸೇರಿದ್ದಲ್ಲ. ಆ ಕಾಲದ ಇಂಗ್ಲಿಷಿನಲ್ಲಿ ತುರ್ಕರೆಂದರೆ ಮುಸಲ್ಮಾನರು. ತನ್ನ ಗುಂಪಿಗಷ್ಟೇ ಬಿಡುಗಡೆ ಬೇಡಿದ್ದರೆ ಅದು ಸಹಜವಾದ ಸ್ವಾರ್ಥ. ತನ್ನ ಮತವನ್ನು ತಪ್ಪೆನ್ನುವವನಿಗೂ ಅದನ್ನೇ ಬೇಡಿದ ಈ ಮನುಷ್ಯನನ್ನು ನ್ಯೂಗೇಟ್ ಸೆರೆಮನೆಗೆ ಹಾಕಿದರು. 1616ರ ಹೊತ್ತಿಗೆ ಅವರು ತೀರಿಕೊಂಡಿದ್ದರು. ನಮ್ಮ ಪರಂಪರೆಯ ಅತ್ಯಂತ ಬೆಲೆಯುಳ್ಳ ಆಸ್ತಿ ಯಾವುದೆಂದು ಕೇಳಿದರೆ ನಾನು ಆ ಒಂದು ವಾಕ್ಯವನ್ನು ತೋರಿಸುತ್ತೇನೆ.

ಹೆಲ್ವಿಸರಿಗಿಂತ ಹೆಚ್ಚು ಜನ ಬಲ್ಲದ್ದು ಇಂಗ್ಲೆಂಡಿನ ಬೋಧಕ ಜಾನ್ ಬನ್ಯನ್ ಅವರ ಹೆಸರು. ಅಪ್ಪಣೆಯಿಲ್ಲದೆ ಪ್ರಸಂಗ (ಧರ್ಮೋಪದೇಶ) ಮಾಡಿದ್ದಕ್ಕಾಗಿ 1660ರಿಂದ 1672ರವರೆಗೆ ಹನ್ನೆರಡು ವರ್ಷ ಬೆಡ್‌ಫರ್ಡಿನ ಸೆರೆಯಲ್ಲಿದ್ದ ಅವರ ಬಗ್ಗೆ ನಿಮ್ಮ ಸಭೆಯವರು ಹಲವು ಸಲ ಕೇಳಿರುತ್ತಾರೆ. ನೀವು ಅವರ ಎರಡನೆಯ ಹೆಂಡತಿ ಎಲಿಜಬೆತ್ ಬಗ್ಗೆ ಹೇಳಿ. ಗಂಡ ಬಂಧಿತನಾದ ಸುದ್ದಿಯ ಆಘಾತಕ್ಕೆ ಆಕೆಗೆ ಅಕಾಲದಲ್ಲಿ ಹೆರಿಗೆಯಾಗಿ ಕೂಸು ಉಳಿಯಲಿಲ್ಲ. 1661ರಲ್ಲಿ ಆಕೆ ನ್ಯಾಯಾಧೀಶರ ಮುಂದೆ ನಿಂತು, ಮನೆಯಲ್ಲಿ ನಾಲ್ಕು ಸಣ್ಣ ಮಕ್ಕಳಿದ್ದಾರೆ, ಒಂದಕ್ಕೆ ಕಣ್ಣಿಲ್ಲ, ಪುಣ್ಯವಂತರ ದಾನದಿಂದ ಬದುಕುತ್ತಿದ್ದೇವೆ ಎಂದು ಹೇಳಿದಳು. ಆ ನಾಲ್ವರೂ ಗಂಡನ ಮೊದಲ ಹೆಂಡತಿಯ ಮಕ್ಕಳು. ಪ್ರಸಂಗ ಬಿಡುತ್ತಾನೆಯೇ ಎಂದು ಕೇಳಿದಾಗ, ಮಾತನಾಡಲು ಬರುವವರೆಗೂ ಬಿಡಲಾರ ಎಂದಳು. ಆ ಉತ್ತರಕ್ಕೆ ಏನು ಬೆಲೆಯೆಂದು ಅವಳಿಗೆ ಗೊತ್ತಿತ್ತು.

ಅಮೆರಿಕದಲ್ಲಿ ನಡೆದದ್ದು ಇನ್ನೂ ಮನ ಕಲಕುವಂಥದ್ದು, ಏಕೆಂದರೆ ಅಲ್ಲಿ ಚಾವಟಿ ಹಿಡಿದವರು ಸ್ವತಃ ಧರ್ಮಹಿಂಸೆಯಿಂದ ತಪ್ಪಿಸಿಕೊಂಡು ಸಮುದ್ರ ದಾಟಿ ಬಂದ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಅಧಿಕೃತ ಸಭೆಯನ್ನು ಸುಧಾರಿಸಬೇಕೆಂದವರು. 1651ರ ಜುಲೈಯಲ್ಲಿ ರೋಡ್ ಐಲೆಂಡಿನ ನ್ಯೂಪೋರ್ಟ್ ಬ್ಯಾಪ್ಟಿಸ್ಟ್ ಸಭೆಯಿಂದ ಜಾನ್ ಕ್ಲಾರ್ಕ್, ಒಬದ್ಯಾ ಹೋಮ್ಸ್, ಜಾನ್ ಕ್ರಾಂಡಲ್ ಎಂಬ ಮೂವರು ಮ್ಯಾಸಚೂಸೆಟ್ಸಿನ ಲಿನ್ ಎಂಬ ಊರಿಗೆ ಹೋದರು. ಅಲ್ಲಿ ವಿಲಿಯಂ ವಿಟರ್ ಎಂಬ, ಕಣ್ಣು ಕಾಣದ, ಪ್ರಯಾಣ ಮಾಡಲಾರದ ವೃದ್ಧ ಸದಸ್ಯರಿದ್ದರು. ಅವರ ಮನೆಯಲ್ಲಿ ಆರಾಧನೆ ನಡೆಸಿದ್ದೇ ಅಪರಾಧವಾಯಿತು. ಮೂವರಿಗೂ ದಂಡ ಬಿತ್ತು. ಕ್ಲಾರ್ಕರ ದಂಡವನ್ನು ಸ್ನೇಹಿತರು ಕಟ್ಟಿದರು. ಹೋಮ್ಸ್ ತಮ್ಮ ಮೂವತ್ತು ಪೌಂಡ್ ದಂಡವನ್ನು ಕಟ್ಟಲು ಯಾರಿಗೂ ಬಿಡಲಿಲ್ಲ. ಕಟ್ಟಿದರೆ ತಪ್ಪು ಮಾಡಿದೆನೆಂದು ಒಪ್ಪಿಕೊಂಡಂತೆ ಎಂಬುದು ಅವರ ನಿಲುವು. ಸೆಪ್ಟೆಂಬರ್ 5ರಂದು ಬಾಸ್ಟನ್ನಿನಲ್ಲಿ ಬಟ್ಟೆ ಕಳಚಿಸಿ, ಮೂರು ಎಳೆಯ ಚಾವಟಿಯಿಂದ ಮೂವತ್ತು ಏಟು ಹೊಡೆದರು. ಹೊಡೆಯುವವನು ಅಂಗೈಗೆ ಉಗುಳಿಕೊಂಡು ಪೂರ್ತಿ ಬಲ ಹಾಕಿದನೆಂದು ಹೋಮ್ಸ್ ತಾವೇ ಬರೆದಿದ್ದಾರೆ. ಕಟ್ಟು ಬಿಚ್ಚಿದಾಗ ಅಧಿಕಾರಿಗಳ ಕಡೆ ತಿರುಗಿ, ನೀವು ನನ್ನನ್ನು ಗುಲಾಬಿಗಳಿಂದ ಹೊಡೆದಂತಾಯಿತು ಎಂದರು. ಆ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಬೆನ್ನಿಗೇ ಇರುವ ಸಂಗತಿಯನ್ನು ಕೆಲವರಷ್ಟೇ ಹೇಳುತ್ತಾರೆ: ಎಷ್ಟೋ ದಿನ ಅವರು ಮೊಣಕಾಲು ಮೊಣಕೈ ಊರಿಯಲ್ಲದೆ ಮಲಗಲಾರದೆ ಹೋದರು. ಎರಡನ್ನೂ ಒಟ್ಟಿಗೆ ಹೇಳಿ. ಚಾವಟಿಯ ಕಂಬದ ಬಳಿ ಅವರ ಕೈಕುಲುಕಿದ ಇಬ್ಬರನ್ನು ಅದೊಂದೇ ಕಾರಣಕ್ಕೆ ಬಂಧಿಸಿದರು ಎಂಬುದನ್ನೂ ಹೇಳಿ. ಕೈಕುಲುಕುವುದು ಆ ದಿನ ಅಷ್ಟು ದುಬಾರಿಯಾಗಿತ್ತು.

ನಮ್ಮ ದೇಶಕ್ಕೆ ಬರುವುದಾದರೆ, 1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಕೆಟರಿಂಗ್ ಪಟ್ಟಣದ ಒಂದು ಮನೆಯಲ್ಲಿ ಸೇರಿದ ಕೆಲವೇ ಬ್ಯಾಪ್ಟಿಸ್ಟರು ಹದಿಮೂರು ಪೌಂಡ್ ಎರಡು ಶಿಲಿಂಗ್ ಆರು ಪೆನ್ಸ್ ವಾಗ್ದಾನ ಮಾಡಿ ಆರಂಭಿಸಿದ ಸಂಘವೇ ವಿಲಿಯಂ ಕೇರಿಯವರನ್ನು 1793ರಲ್ಲಿ ಬಂಗಾಳಕ್ಕೆ ಕಳುಹಿಸಿತು. ಕನ್ನಡಿಗರಿಗೆ ಇಲ್ಲಿ ನೇರವಾದ ನಂಟಿದೆ. 1812ರ ಮಾರ್ಚ್ 11ರ ರಾತ್ರಿ ಬಂಗಾಳದ ಶ್ರೀರಾಮಪುರದಲ್ಲಿ ಕೇರಿಯವರ ಮಿಷನ್ನಿನ ಮುದ್ರಣಾಲಯ ಹೊತ್ತಿ ಉರಿದಾಗ ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯದೂ ಒಂದು. ಮತ್ತೆ ಮೊದಲಿನಿಂದ ಕುಳಿತು ದುಡಿದ ಕೇರಿಯವರು 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಅಲ್ಲಿಂದಲೇ ಅಚ್ಚು ಹಾಕಿಸಿದರು. ಆದರೆ ಕೇರಿಯವರ ತ್ಯಾಗವನ್ನು ಹೊಗಳುವಾಗ ಅವರ ಹೆಂಡತಿ ಡೊರೊಥಿಯನ್ನು ಮರೆಯಬೇಡಿ. ಆಕೆಗೆ ಬರುವ ಮನಸ್ಸೇ ಇರಲಿಲ್ಲ. ಒತ್ತಾಯಕ್ಕೆ ಕಟ್ಟುಬಿದ್ದು ಎಳೆಗೂಸಿನೊಂದಿಗೆ ಹಡಗು ಹತ್ತಿದಳು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ ಮೇಲೆ ಆಕೆಯ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು, 1807ರಲ್ಲಿ ಸಾಯುವವರೆಗೂ ಅದು ಮರಳಲಿಲ್ಲ. ತಾನೇ ಆರಿಸಿಕೊಂಡ ತ್ಯಾಗ ಬೇರೆ, ಇನ್ನೊಬ್ಬರು ಆರಿಸಿಕೊಂಡದ್ದರ ಭಾರವನ್ನು ಹೊರುವುದು ಬೇರೆ. ಸ್ವಇಚ್ಛೆಯ ನಂಬಿಕೆಯನ್ನೇ ತಳಹದಿಯಾಗಿ ಉಳ್ಳ ನಾವು ಈ ವ್ಯತ್ಯಾಸವನ್ನು ಕಾಣದಿದ್ದರೆ ಇನ್ನಾರು ಕಾಣಬೇಕು?

ನೆರೆಯ ಆಂಧ್ರದ ಒಂಗೋಲಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿನ ಸುವಾರ್ತೆಯ ಆರಂಭ ಅಮೆರಿಕದ ಮಿಷನರಿಗಳಿಗೆ ಎಷ್ಟು ಸಲ್ಲಬೇಕೋ ಅಷ್ಟೇ ಯರ್ರಗುಂಟ್ಲ ಪೇರಯ್ಯ ಎಂಬ ಮಾದಿಗ ಸಮುದಾಯದ ಮನುಷ್ಯನಿಗೂ ಸಲ್ಲಬೇಕು. 1866ರಲ್ಲಿ ದೀಕ್ಷಾಸ್ನಾನ ಪಡೆದ ಆತ, ಹೆಂಡತಿ ನಾಗಮ್ಮನೊಂದಿಗೆ, ತನ್ನ ಬಂಧುಬಳಗದ ಹಟ್ಟಿಗಳಲ್ಲಿ ನಡೆದಾಡಿ ಸುವಾರ್ತೆ ಹೇಳಿದರು. ನಂಬಿದವರು ಗ್ರಾಮದೇವತೆಯ ಮುಂದೆ ತಮಟೆ ಬಾರಿಸಲು, ಭಾನುವಾರ ಬಿಟ್ಟಿ ಕೆಲಸ ಮಾಡಲು ಒಲ್ಲೆವೆಂದಾಗ ಊರಿನ ದೊಡ್ಡವರು ಕೂಲಿ ನಿಲ್ಲಿಸಿದರು, ನೀರಿಗೂ ಅಡ್ಡಿ ಮಾಡಿದರು. ಒಂದು ಚಿಟಿಕೆ ಧೂಪದ ಪ್ರಶ್ನೆಯೇ ಇಲ್ಲಿ ತಮಟೆಯ ರೂಪದಲ್ಲಿ ಬಂದಿತ್ತು. 1876ರಿಂದ 78ರ ಮಹಾಬರಗಾಲದಲ್ಲಿ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ತೋಡುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಒದಗಿಸಿದರು. ಆ ಕಾಲದಲ್ಲಿ ಸಾವಿರಾರು ಜನ ದೀಕ್ಷಾಸ್ನಾನ ಕೇಳಿದರೂ, ಅನ್ನಕ್ಕಾಗಿ ನಂಬಿದರೆಂಬ ಮಾತು ಬರಬಾರದೆಂದು, ಬರಗಾಲದ ಪರಿಹಾರ ಮುಗಿಯುವವರೆಗೆ ಒಂದು ವರ್ಷಕ್ಕೂ ಮಿಕ್ಕಿ ಯಾರಿಗೂ ಸ್ನಾನ ಕೊಡಲಿಲ್ಲ. ಪರಿಹಾರ ನಿಂತ ಮೇಲೂ ಜನ ಬಂದರು: 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿ. ಆ ಸಂಖ್ಯೆಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಸ್ನಾನ ಕೊಡದೆ ಕಾದ ಆ ತಿಂಗಳುಗಳು, ಏಕೆಂದರೆ ಬಲಾತ್ಕಾರ ಬೇಡವೆಂದ ಹೆಲ್ವಿಸರ ಮಾತು ಆಮಿಷಕ್ಕೂ ಅನ್ವಯಿಸುತ್ತದೆಂದು ಒಂಗೋಲಿನವರು ತಿಳಿದು ನಡೆದರು.

ಈ ಪರಂಪರೆ ತನ್ನ ಮಾತಿಗೆ ತಾನೇ ದ್ರೋಹ ಬಗೆದದ್ದೂ ಉಂಟು. 1845ರಲ್ಲಿ ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು ಬೇರೆಯಾದದ್ದು ಗುಲಾಮರ ಒಡೆಯನೂ ಮಿಷನರಿಯಾಗಬಹುದು ಎಂಬ ಪಟ್ಟಿನಿಂದ. ಅದಕ್ಕೆ ಅವರು ವಿಧಿವತ್ತಾಗಿ ಕ್ಷಮೆ ಕೇಳಿದ್ದು 1995ರಲ್ಲಿ. ಅತ್ತ ಜಮೈಕಾದಲ್ಲಿ, ಸ್ವತಃ ಗುಲಾಮನೂ ಬ್ಯಾಪ್ಟಿಸ್ಟ್ ಸಭೆಯ ಡೀಕನನೂ (ಸಭಾಸೇವಕನೂ) ಆಗಿದ್ದ ಸ್ಯಾಮ್ ಶಾರ್ಪ್, ಬಿಡುಗಡೆಗಾಗಿ ಎದ್ದು ನಿಂತು 1832ರ ಮೇ 23ರಂದು ಗಲ್ಲಿಗೇರಿದ. ಇಬ್ಬರ ಕೈಯಲ್ಲೂ ಒಂದೇ ಸತ್ಯವೇದವಿತ್ತು. ವಾರ್ಷಿಕೋತ್ಸವದ ದಿನ ಇದನ್ನು ಹೇಳುವುದು ಹೇಗೆಂದು ನೀವು ಹಿಂಜರಿಯಬಹುದು. ಹೇಳಲೇಬೇಕೆಂದು ನನ್ನ ಸಲಹೆ.

ಭಾಷಣದ ಹೊರತಾಗಿ ಇನ್ನೊಂದು ಕೆಲಸ ಮಾಡಿ. ನಿಮ್ಮ ಸಭೆಯ ದೀಕ್ಷಾಸ್ನಾನದ ಹಳೆಯ ರಿಜಿಸ್ಟರ್ ಪಾಸ್ಟರರ ಬೀರುವಿನಲ್ಲಿ ಇದ್ದೇ ಇರುತ್ತದೆ. ಅವರ ಅಪ್ಪಣೆ ಪಡೆದು ಮೊದಲ ಪುಟವನ್ನು ತೆರೆಯಿರಿ. ನಾನು ನೋಡಿದ ಇಂಥದೊಂದು ಪುಸ್ತಕದಲ್ಲಿ ಮಸಿ ಕಂದಿತ್ತು, ಅಂಚು ಗೆದ್ದಲು ತಿಂದಿತ್ತು, ಗಂಡಸರ ಹೆಸರುಗಳ ಕೆಳಗೆ ಹಲವು ಕಡೆ "ಇವರ ಹೆಂಡತಿ" ಎಂದಷ್ಟೇ ಬರೆದಿತ್ತು. ಆ ಹೆಂಗಸು ಯಾವ ಕೆರೆಗೆ ಇಳಿದಳು, ಮನೆಗೆ ಮರಳಿದಾಗ ತವರಿನವರು ಬಾಗಿಲು ತೆರೆದರೇ, ಊರಿನ ಬಾವಿಯಲ್ಲಿ ಮರುದಿನ ನೀರು ಸಿಕ್ಕಿತೇ ಎಂಬುದು ಪುಸ್ತಕದಲ್ಲಿಲ್ಲ. ಪ್ಲಿನಿ ಹೆಸರು ಬರೆಯದೆ ಬಿಟ್ಟ ಆ ಇಬ್ಬರು ಸೇವಕಿಯರ ವಿಷಯದಲ್ಲಿ ಈಗ ನಾವು ಏನೂ ಮಾಡಲಾರೆವು. ನಿಮ್ಮ ಸಭೆಯಲ್ಲಿ ಎಂಬತ್ತು ದಾಟಿದ ಅಜ್ಜಿಯರು ಇಬ್ಬರೋ ಮೂವರೋ ಇರುತ್ತಾರೆ. ವಾರ್ಷಿಕೋತ್ಸವಕ್ಕೆ ಮುಂಚೆ ಅವರ ಮನೆಗೆ ಹೋಗಿ, ಆ ಪುಟವನ್ನು ಓದಿ ಹೇಳಿ, "ಇವರ ಹೆಂಡತಿ" ಎಂದಿರುವಲ್ಲೆಲ್ಲ ಆಕೆಯ ಹೆಸರೇನೆಂದು ಕೇಳಿ ಬರೆದುಕೊಳ್ಳಿ.